ಮಿಡತೆಯ ಹಂಗಾಮು

ಆಗಸ್ಟ್ ತಿಂಗಳ ಬೆಳಗಿನಲ್ಲಿ ಲಮಾರ್ ಕಣಿವೆಯನ್ನು ಹೊಕ್ಕ ಪ್ರವಾಸಿಗೆ ಮೊದಲು ವಿಚಿತ್ರವೆನಿಸುವ ಸಂಗತಿಯೆಂದರೆ, ಮೀನು ಹಿಡಿಯಲೆಂದೇ ನೂರಾರು ಮೈಲಿ ದೂರದಿಂದ ಬಂದವರು ಗಾಳ ಹಾಕದೆ ಸುಮ್ಮನೆ ಕುಳಿತಿರುವುದು. ಒಬ್ಬಾತ ನದಿಯ ದಂಡೆಯಲ್ಲಿ ಬಿದ್ದ ಮರದ ದಿಮ್ಮಿಗೆ ಒರಗಿ ಥರ್ಮಾಸಿನಿಂದ ಕಾಫಿ ಬಗ್ಗಿಸಿಕೊಳ್ಳುತ್ತಿರುತ್ತಾನೆ. ಇನ್ನೊಬ್ಬಾತ ತೊಡೆಯ ಮೇಲೆ ಪುಟ್ಟದೊಂದು ಪೆಟ್ಟಿಗೆ ತೆರೆದು, ಅದರೊಳಗಿನ ಹುಳುಗಳಂಥ ವಸ್ತುಗಳನ್ನು ಒಂದೊಂದಾಗಿ ಎತ್ತಿ ನೋಡಿ, ಮತ್ತೆ ಅಲ್ಲಿಯೇ ಇಡುತ್ತಾನೆ. ಮೂರನೆಯವನು ಹುಲ್ಲಿನಲ್ಲಿ ಮಂಡಿಯೂರಿ, ಬಿದ್ದ ನಾಣ್ಯ ಹುಡುಕುವವನಂತೆ ಏನನ್ನೋ ಅರಸುತ್ತಿರುತ್ತಾನೆ. ಎದುರಿಗೆ ನದಿ ಹರಿಯುತ್ತಿದೆ. ಅದರಲ್ಲಿ ಮೀನೂ ಉಂಟು. ಏಕೆ ಕುಳಿತಿರಿ ಎಂದು ಕೇಳಿದರೆ ಅವರು ಕೊಡುವ ಉತ್ತರ ಒಂದೇ: ಮಿಡತೆ ಇನ್ನೂ ಎದ್ದಿಲ್ಲ.

ಲಮಾರ್ ಕಣಿವೆ ಇರುವುದು ಅಮೆರಿಕದ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದ ಈಶಾನ್ಯ ಮೂಲೆಯಲ್ಲಿ. 1872ರಲ್ಲಿ ಸ್ಥಾಪಿತವಾದ ಈ ಉದ್ಯಾನವೆಂದರೆ ಹೊರಗಿನವರಿಗೆ ನೆನಪಾಗುವುದು ನೆಲದೊಳಗಿಂದ ಚಿಮ್ಮುವ ಬಿಸಿನೀರಿನ ಬುಗ್ಗೆಗಳು. ಅವನ್ನು ನೋಡಲು ನೆರೆಯುವ ಜನಸಂದಣಿಯಿಂದ ದೂರವಾಗಿ, ಸಮುದ್ರಮಟ್ಟದಿಂದ ಆರು ಸಾವಿರ ಅಡಿಗೂ ಮಿಕ್ಕ ಎತ್ತರದಲ್ಲಿ, ಅಗಲವಾದ ಹುಲ್ಲುಗಾವಲಿನ ನಡುವೆ ಲಮಾರ್ ನದಿ ಅಂಕುಡೊಂಕಾಗಿ ಹರಿಯುತ್ತದೆ. ಸ್ಲೂ ಕ್ರೀಕ್, ಸೋಡಾ ಬ್ಯೂಟ್ ಕ್ರೀಕ್ ಎಂಬ ತೊರೆಗಳು ಬಂದು ಇದನ್ನು ಸೇರುತ್ತವೆ. ಹೆಗಲು ಉಬ್ಬಿದ ಬೈಸನ್ ಎಂಬ ಕಾಡುದನಗಳು ಸಾಲುಗಟ್ಟಿ ಮೇಯುತ್ತವೆ. ಅವು ರಸ್ತೆಗೆ ಇಳಿದರೆ ಮೋಟಾರುಗಳೆಲ್ಲ ನಿಂತು ಕಾಯತಕ್ಕದ್ದು. ಬೂದು ಹಸಿರು ಬಣ್ಣದ ಸೇಜ್ ಪೊದೆಗಳ ಕಟುವಾದ ಪರಿಮಳ ಗಾಳಿಯಲ್ಲಿ ತುಂಬಿರುತ್ತದೆ. 2022ರ ಜೂನ್ ತಿಂಗಳಲ್ಲಿ ಬಂದ ಮಹಾಪ್ರವಾಹ ಈ ಕಣಿವೆಗೆ ಬರುವ ರಸ್ತೆಯನ್ನೇ ಹಲವೆಡೆ ಕೊಚ್ಚಿಹಾಕಿತು. ಅದೇ ವರ್ಷದ ಅಕ್ಟೋಬರಿನ ಹೊತ್ತಿಗೆ ರಸ್ತೆ ಮತ್ತೆ ತೆರೆಯಿತು.

ಇಲ್ಲಿಗೆ ಬರುವವರು ಅರಸುವ ಮೀನು ಟ್ರೌಟ್. ನೀಲಗಿರಿಯ ಅವಲಾಂಚೆಯ ಕಡೆ ಅಡ್ಡಾಡಿದ ಕನ್ನಡಿಗರಿಗೆ ಈ ಹೆಸರು ಅಪರಿಚಿತವಲ್ಲ. ಬ್ರಿಟಿಷರು ತಮ್ಮ ವಿನೋದಕ್ಕೆಂದು ಅಲ್ಲಿಯ ತಣ್ಣನೆಯ ತೊರೆಗಳಲ್ಲಿ ಇದನ್ನು ತಂದು ಬೆಳೆಸಿದರು. ಲಮಾರ್ ನದಿಯ ಟ್ರೌಟ್ ಮಾತ್ರ ಯಾರೂ ತಂದು ಬಿಟ್ಟದ್ದಲ್ಲ, ಆ ನೆಲದ್ದೇ. ದವಡೆಯ ಕೆಳಗೆ, ಕತ್ತಿಯಿಂದ ಗೀರಿದಂತೆ, ಕೆಂಪು ಛಾಯೆಯ ಎರಡು ಗೆರೆಗಳು ಇರುವುದರಿಂದ ಅದಕ್ಕೆ ‘ಕಟ್‌ತ್ರೋಟ್’ ಎಂಬ ಭೀಕರವಾದ ಹೆಸರು ಬಂದಿದೆ. ಹೆಸರು ಭೀಕರವಾದರೂ ಸ್ವಭಾವ ಸಾಧು. ಯೂರೋಪಿನಿಂದ ಬಂದ ಕಂದು ಟ್ರೌಟಿನ ಸಂಶಯವಾಗಲಿ, ಪೆಸಿಫಿಕ್ ಕಡೆಯಿಂದ ಬಂದ ಕಾಮನಬಿಲ್ಲಿನ ಟ್ರೌಟಿನ ಅಬ್ಬರವಾಗಲಿ ಇದಕ್ಕೆ ಇಲ್ಲ. ಬೇಸಿಗೆಯ ಕೊನೆಯಲ್ಲಿ ಇದಕ್ಕೆ ಒಂದೇ ಒಂದು ಚಾಪಲ್ಯ: ಮಿಡತೆ.

ವಸಂತದ ಕೊನೆಯಲ್ಲಿ ನೆಲದೊಳಗಿನ ಮೊಟ್ಟೆಯೊಡೆದು ಹೊರಬರುವ ಮಿಡತೆಯ ಮರಿಗಳಿಗೆ ರೆಕ್ಕೆ ಇರುವುದಿಲ್ಲ. ಐದಾರು ಸಲ ಪೊರೆ ಕಳಚಿ, ಜುಲೈ ತಿಂಗಳು ಮುಗಿಯುವ ವೇಳೆಗೆ ರೆಕ್ಕೆ ಬಲಿತು ಹಾರಬಲ್ಲವಾಗುತ್ತವೆ. ಅದರೆ ಹಾರುವುದರಲ್ಲಿ ಅವೇನೂ ನಿಸ್ಸೀಮವಲ್ಲ. ಬಿಸಿಲೇರಿ ಗಾಳಿ ಎದ್ದಾಗ ನೆಗೆದ ಮಿಡತೆ ತಾನು ಇಳಿಯಬೇಕೆಂದುಕೊಂಡ ಕಡೆ ಇಳಿಯಲಾರದು. ಗಾಳಿ ಅದನ್ನು ಹೊತ್ತುಕೊಂಡು ಹೋಗಿ ನೀರಿಗೆ ಕೆಡವುತ್ತದೆ. ನೀರಿನಲ್ಲಿ ಬಿದ್ದು ಒದ್ದಾಡುವ ಒಂದು ಮಿಡತೆಯೆಂದರೆ ಟ್ರೌಟಿಗೆ ಹತ್ತಾರು ಸಣ್ಣ ನೊಣಗಳಿಗೆ ಸಮನಾದ ಊಟ. ಹಬ್ಬದ ದಿನ ಎಲೆಯ ತುದಿಗೆ ಹೋಳಿಗೆ ಬಂದು ಬಿದ್ದಂತೆ.

ಆದರೆ ಆ ಎತ್ತರದಲ್ಲಿ ರಾತ್ರಿಗಳು ಆಗಸ್ಟಿನಲ್ಲಿಯೂ ಕೊರೆಯುತ್ತವೆ. ಮಿಡತೆ ಶೀತರಕ್ತದ ಪ್ರಾಣಿ. ಹುಲ್ಲಿನ ಇಬ್ಬನಿ ಆರಿ ನೆಲ ಬೆಚ್ಚಗಾಗುವ ತನಕ ಕಾಂಡಕ್ಕೆ ಅಂಟಿಕೊಂಡು ಮರವಟ್ಟು ಕುಳಿತಿರುತ್ತದೆ. ಆ ಮೂರನೆಯ ಮನುಷ್ಯ ಹುಲ್ಲಿನಲ್ಲಿ ಮಂಡಿಯೂರಿ ಹುಡುಕುತ್ತಿದ್ದುದು ಇಂಥ ಮರವಟ್ಟ ಮಿಡತೆಯನ್ನೇ. ಈ ದಿನ ಈ ದಂಡೆಯಲ್ಲಿ ಇರುವವು ಹಳದಿಯವೋ ಹಸಿರಿನವೋ, ದೊಡ್ಡವೋ ಚಿಕ್ಕವೋ ಎಂದು ತಿಳಿದರೆ, ಪೆಟ್ಟಿಗೆಯೊಳಗಿಂದ ಅದರ ಪಡಿಯಚ್ಚನ್ನು ಆರಿಸಬಹುದು. ಜೀವಂತ ಮಿಡತೆಯನ್ನೇ ಗಾಳಕ್ಕೆ ಚುಚ್ಚಿದರೆ ಆಗದೆ ಎಂದು ಕೇಳುವವರುಂಟು. ಆಗದು, ಉದ್ಯಾನದ ಎಲ್ಲೆಯೊಳಗೆ ಜೀವಂತ ಎರೆ ನಿಷಿದ್ಧ. ಮುಳ್ಳು ಮುರಿದ ಗಾಳ, ಮನುಷ್ಯನ ಕೈಯಿಂದ ಮಾಡಿದ ಹುಸಿಹುಳು, ಇವಿಷ್ಟೇ ಸಲ್ಲುತ್ತವೆ. ಹಿಡಿದ ಕಟ್‌ತ್ರೋಟನ್ನು ಹಿಡಿದಲ್ಲಿಯೇ ನೀರಿಗೆ ಬಿಡಬೇಕು.

ಸೂರ್ಯ ಏರುವ ತನಕ ಹೊತ್ತು ಕಳೆಯಬೇಕಲ್ಲ. ಆ ಹೊತ್ತಿಗೆ ತಕ್ಕ ಕಥೆಯೊಂದು ಆ ಪರ್ವತಗಳಲ್ಲಿಯೇ ಅಡಗಿದೆ.

ಲಮಾರ್ ಕಣಿವೆಯಿಂದ ಪೂರ್ವಕ್ಕೆ ರಸ್ತೆ ಹಿಡಿದು ಉದ್ಯಾನದ ಎಲ್ಲೆ ದಾಟಿದೊಡನೆ ಕುಕ್ ಸಿಟಿ ಎಂಬ ಊರು ಸಿಗುತ್ತದೆ. ಹೆಸರಿಗೆ ‘ಸಿಟಿ’, ನೋಡಿದರೆ ಒಂದೇ ಬೀದಿ. ಅದರ ಉತ್ತರಕ್ಕೆ ಬೇರ್‌ಟೂತ್ ಪರ್ವತಗಳ ನೆತ್ತಿಯಲ್ಲಿ, ಸುಮಾರು 11,000 ಅಡಿ ಎತ್ತರದಲ್ಲಿ, ‘ಮಿಡತೆಯ ಹಿಮನದಿ’ ಎಂದು ಹೆಸರು ಪಡೆದ ಒಂದು ಸ್ಥಳವುಂಟು. ಒಂದು ಕಾಲದಲ್ಲಿ ಅಲ್ಲಿಗೆ ಹತ್ತಿಹೋದವರು ಹಿಮಗಡ್ಡೆಯಲ್ಲಿ ಕಪ್ಪು ಪಟ್ಟಿಗಳನ್ನು ಕಂಡು, ಹತ್ತಿರ ಹೋಗಿ ನೋಡಿ ಬೆರಗಾಗುತ್ತಿದ್ದರು. ಆ ಪಟ್ಟಿಗಳೆಲ್ಲ ಮಿಡತೆಗಳು. ಪರ್ವತವನ್ನು ದಾಟುವಾಗ ಬಿರುಗಾಳಿಗೋ ಹಿಮಪಾತಕ್ಕೋ ಸಿಕ್ಕಿ ಬಿದ್ದು, ಪದರು ಪದರಾಗಿ ಹಿಮದಲ್ಲಿ ಹೂತುಹೋದ ಹಿಂಡುಗಳು.

ಅವು ಇಂದು ಲಮಾರ್ ದಂಡೆಯಲ್ಲಿ ನೆಗೆಯುವ ಮಿಡತೆಗಳಲ್ಲ, ಅವುಗಳ ದಾಯಾದಿ. ‘ರಾಕಿ ಪರ್ವತದ ಮಿಡತೆ’ ಎಂದು ಕರೆಯಲಾಗುತ್ತಿದ್ದ ಆ ಜಾತಿ ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ಬಯಲುಸೀಮೆಯ ರೈತರಿಗೆ ಯಮಸ್ವರೂಪವಾಗಿತ್ತು. 1874ರಿಂದ 1877ರವರೆಗೆ ಅವು ಮೇಲಿಂದ ಮೇಲೆ ಇಳಿದವು. 1875ರ ಜೂನ್ ತಿಂಗಳಲ್ಲಿ ನೆಬ್ರಾಸ್ಕದ ಆಲ್ಬರ್ಟ್ ಚೈಲ್ಡ್ ಎಂಬಾತ ತನ್ನ ಊರ ಮೇಲೆ ಹಾದುಹೋದ ಹಿಂಡೊಂದರ ವೇಗವನ್ನು ಅಳೆದು, ಸುತ್ತಲ ಊರುಗಳಿಂದ ತಂತಿ ಸಮಾಚಾರ ತರಿಸಿ ಲೆಕ್ಕ ಹಾಕಿದ. ಆ ಹಿಂಡಿನ ಉದ್ದ 1,800 ಮೈಲಿ, ಅಗಲ 110 ಮೈಲಿ ಎಂದು ಅವನ ಅಂದಾಜು. ಇಂದಿನ ಕರ್ನಾಟಕವನ್ನು ಎರಡೂವರೆ ಸಲ ಹೊದೆಸಿದರೂ ಮಿಗುವಷ್ಟು ದೊಡ್ಡ ಕಂಬಳಿ ಎನ್ನಬೇಕು. ಬೆಳೆ ಮುಗಿದ ಮೇಲೆ ಅವು ಕುದುರೆಯ ತೊಗಲಿನ ಸಲಕರಣೆಗಳನ್ನೂ, ಒಣಹಾಕಿದ ಬಟ್ಟೆಗಳನ್ನೂ, ರೈತನ ಬೆವರು ಹತ್ತಿ ಉಪ್ಪಾದ ಗುದ್ದಲಿಯ ಕಾವುಗಳನ್ನೂ ತಿಂದವು. ರೈಲು ಕಂಬಿಗಳ ಮೇಲೆ ಅರೆದುಹೋದ ಮಿಡತೆಗಳ ಜಿಡ್ಡಿನಿಂದ ಗಾಲಿಗಳು ಜಾರಿ ರೈಲುಗಳು ನಿಂತವು. ನೆಬ್ರಾಸ್ಕ ಸಂಸ್ಥಾನ 1877ರಲ್ಲಿ ಕಾನೂನನ್ನೇ ಮಾಡಿತು: ಹದಿನಾರರಿಂದ ಅರವತ್ತು ವಯಸ್ಸಿನೊಳಗಿನ ಗಂಡಸರೆಲ್ಲ ಕನಿಷ್ಠ ಎರಡು ದಿನ ಮಿಡತೆ ಕೊಲ್ಲುವ ಕೆಲಸಕ್ಕೆ ಬರತಕ್ಕದ್ದು, ತಪ್ಪಿದರೆ ದಂಡ.

ಇಷ್ಟೆಲ್ಲ ಆದ ಮೇಲೆ, ಯಾರೂ ನಿರೀಕ್ಷಿಸದ ಘಟನೆಯೊಂದು ನಡೆಯಿತು. ಆ ಮಿಡತೆ ಇಲ್ಲವಾಯಿತು. ಜೀವಂತವಾಗಿ ಅದನ್ನು ಕೊನೆಯ ಸಲ ಸಂಗ್ರಹಿಸಿದ್ದು 1902ರಲ್ಲಿ, ಕೆನಡಾದಲ್ಲಿ. ಇಪ್ಪತ್ತೈದು ವರ್ಷಗಳ ಹಿಂದೆ ಸೂರ್ಯನನ್ನೇ ಮರೆಮಾಡುತ್ತಿದ್ದ ಪ್ರಾಣಿ ಹೀಗೆ ನಿರ್ನಾಮವಾದುದೇಕೆ? ವಯೋಮಿಂಗ್ ವಿಶ್ವವಿದ್ಯಾಲಯದ ಜೆಫ್ರಿ ಲಾಕ್‌ವುಡ್ ಎಂಬ ಕೀಟವಿಜ್ಞಾನಿ ಹಿಮನದಿಗಳನ್ನು ಹತ್ತಿ, ಹಿಮದಲ್ಲಿ ಸಿಕ್ಕ ದೇಹಗಳನ್ನು ಪರೀಕ್ಷಿಸಿ, ಹಳೆಯ ದಾಖಲೆಗಳನ್ನು ಕೆದಕಿ ಒಂದು ಉತ್ತರ ಕೊಟ್ಟಿದ್ದಾನೆ. ಬಯಲುಸೀಮೆಗೆ ದಂಡೆತ್ತಿ ಹೋಗದ ವರ್ಷಗಳಲ್ಲಿ ಈ ಮಿಡತೆ ರಾಕಿ ಪರ್ವತಗಳ ನದೀಕಣಿವೆಗಳಿಗೆ ಹಿಂದಿರುಗಿ, ಅಲ್ಲಿಯ ಮೆತ್ತನೆಯ ನೆಲದಲ್ಲಿ ಮೊಟ್ಟೆಯಿಡುತ್ತಿತ್ತು. ವಲಸೆ ಬಂದ ರೈತರು ಆರಿಸಿಕೊಂಡದ್ದೂ ಅದೇ ಕಣಿವೆಗಳನ್ನು. ಅವರು ನೇಗಿಲು ಹೂಡಿದರು, ನೀರು ಹಾಯಿಸಿದರು, ದನ ಮೇಯಿಸಿದರು. ಮೊಟ್ಟೆಗಳು ಮಗುಚಿಬಿದ್ದು, ನೆನೆದು, ತುಳಿತಕ್ಕೆ ಸಿಕ್ಕಿ ಹಾಳಾದವು. ಕಾನೂನು, ಬೆಂಕಿ, ತಗಡಿನ ಬೋನು ಇವುಗಳಿಂದ ಆಗದ ಕೆಲಸ, ಯಾರೊಬ್ಬರ ಉದ್ದೇಶವೂ ಇಲ್ಲದೆ ಆಗಿಹೋಯಿತು. ರೈತರಿಗೆ ಅದರ ಸುಳಿವು ಕೂಡ ಇರಲಿಲ್ಲ.

ಹಾಗಾಗಿ, ಮುತ್ತಜ್ಜಂದಿರು ಬಾಗಿಲು ಭದ್ರಪಡಿಸಿಕೊಂಡು ದೇವರನ್ನು ನೆನೆಯುತ್ತಿದ್ದ ಹೆಸರನ್ನು, ಇಂದು ಮರಿಮಕ್ಕಳು ಕಾಫಿ ಕುಡಿಯುತ್ತ ಎದುರುನೋಡುತ್ತಿದ್ದಾರೆ. ಹಿಮನದಿಯೂ ಬಹುಮಟ್ಟಿಗೆ ಕರಗಿ ಕುಗ್ಗಿದೆ. ಆ ಕಪ್ಪು ಪಟ್ಟಿಗಳನ್ನು ನೋಡಬೇಕೆಂದು ಇಂದು ಏರಿಹೋಗುವವನಿಗೆ ಬಹಳವೇನೂ ಸಿಗದು.

ಹನ್ನೊಂದು ಗಂಟೆಯಾಗುತ್ತಲೇ ಕಣಿವೆಯ ಸದ್ದೇ ಬೇರೆಯಾಗುತ್ತದೆ. ಹುಲ್ಲಿನಲ್ಲಿ ಹೆಜ್ಜೆ ಇಟ್ಟರೆ ಸಾಕು, ಚಟಚಟನೆ ಎಡಬಲಕ್ಕೆ ಮಿಡತೆಗಳು ಚಿಮ್ಮುತ್ತವೆ. ದಿಮ್ಮಿಗೆ ಒರಗಿದ್ದವನು ಎದ್ದು ನಿಲ್ಲುತ್ತಾನೆ. ಗಾಳಿ ನೈಋತ್ಯದಿಂದ ಬೀಸತೊಡಗುತ್ತದೆ. ನದಿಯ ತಿರುವಿನಲ್ಲಿ, ಹುಲ್ಲಿನ ದಂಡೆ ಕೆಳಗೆ ಕೊರೆದು ಮೇಲೆ ಸೂರಿನಂತೆ ಚಾಚಿಕೊಂಡಿರುವ ಕಡೆ, ನೀರು ಕಪ್ಪಗೆ ಕಾಣುತ್ತದೆ. ಅಲ್ಲಿಯ ನೆರಳಿನಲ್ಲಿ ಮೀನು ನಿಂತಿದೆ.

ಟ್ರೌಟ್ ಹಿಡಿಯುವ ವಿದ್ಯೆಯಲ್ಲಿ ಉಳಿದ ಹುಸಿಹುಳುಗಳನ್ನು ಎಸೆಯುವಾಗ ಹೂವಿನ ದಳ ಉದುರಿದಂತೆ, ಸದ್ದಿಲ್ಲದೆ ನೀರಿಗೆ ಇಳಿಸಬೇಕೆಂಬುದು ಮೊದಲ ಪಾಠ. ವರ್ಷಾನುಗಟ್ಟಲೆ ಇದನ್ನೇ ಅಭ್ಯಾಸ ಮಾಡಿದವನು ಮಿಡತೆಯ ಹಂಗಾಮಿನಲ್ಲಿ ಅದನ್ನು ಮರೆಯಬೇಕು. ನಿಜವಾದ ಮಿಡತೆ ಹೂವಿನಂತೆ ಇಳಿಯುವುದಿಲ್ಲ; ‘ಟಪ್’ ಎಂದು ಬೀಳುತ್ತದೆ. ಆ ಸದ್ದೇ ಮೀನಿಗೆ ಊಟದ ಗಂಟೆ. ಆದುದರಿಂದ ದಂಡೆಯಿಂದ ಗೇಣುದೂರದಲ್ಲಿ, ಸ್ವಲ್ಪ ಒರಟಾಗಿಯೇ ಹುಸಿಮಿಡತೆಯನ್ನು ಬೀಳಿಸಬೇಕು. ಆಮೇಲೆ ನೀರಿನ ಸೆಳವಿನೊಡನೆ ಅದು ತೇಲಲಿ. ಕೋಲಿನ ತುದಿಯನ್ನು ಒಮ್ಮೆ ಅಲುಗಿಸಿದರೆ ಮಿಡತೆ ಕಾಲೊದೆದಂತೆ ಕಾಣುತ್ತದೆ. ಹೆಚ್ಚು ಅಲುಗಿಸಿದರೆ ಮೀನು ತಿರುಗಿಯೂ ನೋಡದು. ದಂಡೆಯ ಮೇಲೆ ನಡೆಯುವಾಗಲೂ ಎಚ್ಚರ ಬೇಕು. ನೆಲದ ಕಂಪನ ನೀರಿಗೆ ತಟ್ಟುತ್ತದೆ. ನೆರಳು ಬಿದ್ದರಂತೂ ಮೀನು ಕೊರಕಲಿನೊಳಗೆ ಸೇರಿಬಿಡುತ್ತದೆ.

ಇನ್ನು ಕಟ್‌ತ್ರೋಟ್ ಮೇಲೇಳುವ ರೀತಿ. ಕಂದು ಟ್ರೌಟ್ ಮಿಂಚಿನಂತೆ ಬಂದು ಕಚ್ಚಿ ಓಡುತ್ತದೆ. ಕಟ್‌ತ್ರೋಟಿಗೆ ಅಂಥ ಅವಸರವಿಲ್ಲ. ಆಳದಿಂದ ಹೊನ್ನಿನ ಬಣ್ಣದ ನೆರಳೊಂದು ಮೆಲ್ಲಮೆಲ್ಲನೆ ಏರಿಬರುತ್ತದೆ. ಹುಸಿಮಿಡತೆಯ ಕೆಳಗೆ ಬಂದು, ನೀರಿನೊಡನೆ ತಾನೂ ಹಿಂದಕ್ಕೆ ತೇಲುತ್ತ, ಮೂಗು ತಾಗುವಷ್ಟು ಸಮೀಪದಿಂದ ಪರೀಕ್ಷಿಸುತ್ತದೆ. ಸೀರೆಯ ಅಂಗಡಿಯಲ್ಲಿ ಅಂಚನ್ನು ಬೆಳಕಿಗೆ ಹಿಡಿದು ನೋಡುವ ಗೃಹಿಣಿಯ ಗಾಂಭೀರ್ಯ ಅದಕ್ಕೆ. ದಂಡೆಯ ಮೇಲಿನವನ ಎದೆ ಬಡಿದುಕೊಳ್ಳುತ್ತಿರುತ್ತದೆ. ಬಿಳಿಯ ಬಾಯಿ ತೆರೆಯುತ್ತದೆ. ಹೊಸಬನಾದರೆ ಆ ಕ್ಷಣವೇ ಕೋಲನ್ನು ಜಗ್ಗಿ, ತೆರೆದ ಬಾಯೊಳಗಿಂದ ಮಿಡತೆಯನ್ನು ಕಿತ್ತುಕೊಂಡು, ಬೆನ್ನ ಹಿಂದಿನ ಪೊದೆಗೆ ಸಿಕ್ಕಿಸುತ್ತಾನೆ. ಮೀನು ಬಾಯಿ ಮುಚ್ಚಿ ತಲೆ ತಗ್ಗಿಸಿ ಕೆಳಕ್ಕೆ ತಿರುಗುವ ತನಕ ಕೈ ಕಟ್ಟಿ ನಿಲ್ಲುವುದೇ ಇಲ್ಲಿಯ ವಿದ್ಯೆ. ಅರ್ಧ ಉಸಿರಿನಷ್ಟು ಹೊತ್ತು. ಆದರೂ ಅದನ್ನು ಕಲಿಯಲು ಅನೇಕರಿಗೆ ಎರಡು ಮೂರು ಬೇಸಿಗೆ ಬೇಕಾಗುತ್ತದೆ.

ಹಿಡಿದ ಮೀನನ್ನು ನೀರಿನಿಂದ ಮೇಲೆತ್ತದೆಯೇ ಗಾಳ ಬಿಡಿಸುತ್ತಾರೆ. ಒದ್ದೆ ಕೈಯಿಂದ ಹೊಟ್ಟೆಯ ಕೆಳಗೆ ಆತು ಹಿಡಿದು, ಸೆಳವಿಗೆ ಮುಖ ಮಾಡಿಸಿ, ಅದು ತಾನಾಗಿ ಬಾಲ ಬೀಸಿ ಹೋಗುವ ತನಕ ಕಾಯುತ್ತಾರೆ. ಈ ಉಪಚಾರ ಎಲ್ಲ ಮೀನಿಗೂ ಸಲ್ಲದು. ಲಮಾರ್ ನದಿಯ ಜಲಾನಯನದಲ್ಲಿ ಕಾಮನಬಿಲ್ಲಿನ ಟ್ರೌಟ್ ಸಿಕ್ಕಿದರೆ ಅದನ್ನು ಕೊಲ್ಲಲೇಬೇಕೆಂದು ಉದ್ಯಾನದ ನಿಯಮ. ಅದು ಕಟ್‌ತ್ರೋಟಿನೊಡನೆ ಕೂಡಿ ಮಿಶ್ರ ಸಂತಾನ ಹುಟ್ಟಿಸುತ್ತದೆ. ಕೆಲವು ತಲೆಮಾರುಗಳಲ್ಲಿ ದವಡೆಯ ಕೆಂಪು ಗೆರೆಯ ಶುದ್ಧ ಜಾತಿ ಉಳಿಯದು. ಇದೇ ಉದ್ಯಾನದ ಯೆಲ್ಲೊಸ್ಟೋನ್ ಸರೋವರದಲ್ಲಿ ಹೊರಗಿನಿಂದ ಬಂದ ಲೇಕ್ ಟ್ರೌಟ್ ಎಂಬ ಹಿರಿಮೀನು 1994ರಲ್ಲಿ ಪತ್ತೆಯಾಯಿತು. ಅದು ಅಲ್ಲಿಯ ಕಟ್‌ತ್ರೋಟ್ ಸಂತತಿಯನ್ನು ನುಂಗಿ ನೀರು ಕುಡಿಯಿತು. ಆ ಅನಾಹುತ ಕಂಡವರಿಗೆ ಲಮಾರಿನಂಥ ತೊರೆಗಳ ಬಗ್ಗೆ ಇಷ್ಟು ಮಮತೆ ಇರುವುದು ಸಹಜ.

ಲಮಾರ್ ಮುಂದೆ ಹೋಗಿ ಯೆಲ್ಲೊಸ್ಟೋನ್ ನದಿಯನ್ನು ಸೇರುತ್ತದೆ. ಆ ನದಿ ಉತ್ತರಕ್ಕೆ ಹರಿದು ಗಾರ್ಡಿನರ್ ಊರಿನ ಬಳಿ ಉದ್ಯಾನವನ್ನು ಬಿಟ್ಟು, ಮೊಂಟಾನಾ ಸಂಸ್ಥಾನದ ‘ಪ್ಯಾರಡೈಸ್ ವ್ಯಾಲಿ’ಗೆ, ಎಂದರೆ ಸ್ವರ್ಗದ ಕಣಿವೆಗೆ, ಇಳಿಯುತ್ತದೆ. ಪೂರ್ವಕ್ಕೆ ಅಬ್ಸಾರ್ಕ ಪರ್ವತಗಳು, ಪಶ್ಚಿಮಕ್ಕೆ ಗ್ಯಾಲಟಿನ್ ಶ್ರೇಣಿ. ನಡುವೆ ಕುದುರೆಮಸಾಲೆಯ ಹಸಿರು ಹೊಲಗಳು. ಹೊಲದಲ್ಲಿ ಹುಲ್ಲು ಕೊಯ್ಯುವ ಯಂತ್ರ ಓಡಿದ ದಿನ ಮಿಡತೆಗಳೆಲ್ಲ ನದಿಯ ಅಂಚಿಗೆ ಸರಿಯುತ್ತವೆ. ಅಂದು ಅಲ್ಲಿ ದೋಣಿಗಳೂ ಹೆಚ್ಚು. ಕಣಿವೆಯ ಬಾಯಲ್ಲಿ ಲಿವಿಂಗ್‌ಸ್ಟನ್ ಎಂಬ ರೈಲ್ವೆ ಊರು. ಅದರ ಗಾಳಿ ಇಡೀ ಸಂಸ್ಥಾನದಲ್ಲಿಯೇ ಕುಖ್ಯಾತ. ಟೋಪಿ ಕಳೆದುಕೊಳ್ಳದೆ ಆ ಊರು ಬಿಟ್ಟವರು ಅಪರೂಪ; ಆದರೆ ಮಿಡತೆಯನ್ನು ನೀರಿಗೆ ತಳ್ಳುವ ಗಾಳಿಯನ್ನು ಮೀನು ಹಿಡಿಯುವವರು ಬೈಯುವುದಿಲ್ಲ.

ಈ ಊರಿಗೆ 1938ರಲ್ಲಿ ಡ್ಯಾನ್ ಬೈಲಿ ಎಂಬಾತ ಬಂದು ಹುಸಿಹುಳುಗಳ ಅಂಗಡಿ ತೆರೆದ. ನ್ಯೂಯಾರ್ಕ್ ನಗರದ ಬ್ರೂಕ್‌ಲಿನ್‌ನಲ್ಲಿ ವಿಜ್ಞಾನದ ಅಧ್ಯಾಪಕನಾಗಿದ್ದವನು, ಇದ್ದ ಕೆಲಸ ಬಿಟ್ಟು ಗಾಳದ ದಾರ ಹಿಡಿದದ್ದನ್ನು ಕಂಡು ಅವನ ನೆಂಟರು ಏನೆಂದರೋ ಊಹಿಸಬಹುದು. ಊರಿನ ಹೆಂಗಸರು ಸಾಲಾಗಿ ಕುಳಿತು ಹುಸಿಹುಳು ಕಟ್ಟುವ ಕಾರ್ಖಾನೆಯಂತೆ ಆ ಅಂಗಡಿ ಬೆಳೆಯಿತು. ಹುಸಿಹುಳುವಿನಿಂದ ಹಿಡಿದ, ನಾಲ್ಕು ಪೌಂಡು ಮೀರಿದ ಟ್ರೌಟಿನ ಆಕಾರವನ್ನು ಹಲಗೆಯ ಮೇಲೆ ಗೀಚಿ ಗೋಡೆಗೆ ತೂಗುಹಾಕುವುದು ಅಲ್ಲಿಯ ಪದ್ಧತಿಯಾಗಿತ್ತು. ಗೋಡೆಯ ಮೇಲೆ ಹೆಸರು ಬರಲೆಂದು ದೂರದೂರದಿಂದ ಜನ ಬರುತ್ತಿದ್ದರು. 1970ರ ದಶಕದಲ್ಲಿ ಸ್ವರ್ಗದ ಕಣಿವೆಯನ್ನೇ ಮುಳುಗಿಸಬಲ್ಲ ಅಣೆಕಟ್ಟಿನ ಪ್ರಸ್ತಾಪ ಮತ್ತೆ ತಲೆ ಎತ್ತಿದಾಗ ಅದನ್ನು ಎದುರಿಸಿದವರಲ್ಲಿ ಬೈಲಿಯೂ ಒಬ್ಬ. ಅಣೆಕಟ್ಟು ಬರಲಿಲ್ಲ, ಯೆಲ್ಲೊಸ್ಟೋನಿನ ಮುಖ್ಯ ಪ್ರವಾಹಕ್ಕೆ ಇಂದಿಗೂ ದೊಡ್ಡ ಜಲಾಶಯವಿಲ್ಲ.

ಹುಸಿಮಿಡತೆಯ ವಂಶಾವಳಿ ಸ್ವಾರಸ್ಯವಾದದ್ದು. ಮಿಚಿಗನ್ ಸಂಸ್ಥಾನದ ಆರ್ಟ್ ವಿನಿ ಎಂಬಾತ ಕಟ್ಟಿದ ‘ಮಿಚಿಗನ್ ಹಾಪರ್’ ಪಶ್ಚಿಮದ ನದಿಗಳಿಗೆ ಬಂದು, ಅದನ್ನು ಹೊಗಳಿ ಬರೆದ ಜೋ ಬ್ರೂಕ್ಸ್ ಎಂಬ ಲೇಖಕನ ಹೆಸರಿನಿಂದ ‘ಜೋಸ್ ಹಾಪರ್’ ಎಂದು ಪ್ರಸಿದ್ಧವಾಯಿತು. ಕಟ್ಟಿದವನ ಹೆಸರು ಹಿಂದೆ ಬಿದ್ದು, ಬರೆದವನ ಹೆಸರು ಉಳಿಯಿತು. ಪತ್ರಿಕೆಗಳ ಪ್ರಭಾವ ಅಷ್ಟರ ಮಟ್ಟಿನದು! ಇತ್ತ ಕೆನಡಾದ ನಿಪಿಗಾನ್ ನದಿಯಲ್ಲಿ 1937ರಲ್ಲಿ ಡಾನ್ ಗೇಪನ್ ಎಂಬಾತ ಜಿಂಕೆಯ ಕೂದಲಿನ ತಲೆಯುಳ್ಳ ‘ಮಡ್ಲರ್ ಮಿನ್ನೊ’ ಎಂಬುದನ್ನು ಕಟ್ಟಿದ. ಅದು ತಳದಲ್ಲಿ ವಾಸಿಸುವ ಪುಟ್ಟ ಮೀನಿನ ಅನುಕರಣೆ. ಆದರೆ ತೇಲಬಿಟ್ಟರೆ ಟ್ರೌಟುಗಳು ಅದನ್ನು ಮಿಡತೆಯೆಂದೇ ಭ್ರಮಿಸಿ ಹಾರಿಬಂದವು. ಒಕ್ಲಹೋಮದ ಡೇವ್ ವಿಟ್ಲಾಕ್ ಇವೆರಡನ್ನೂ ಬೆಸೆದು, ಜೋಸ್ ಹಾಪರಿನ ಒಡಲಿಗೆ ಮಡ್ಲರಿನ ತಲೆ ಇಟ್ಟ. ಅದೇ ‘ಡೇವ್ಸ್ ಹಾಪರ್’. ವಿಟ್ಲಾಕ್ 2022ರಲ್ಲಿ ತೀರಿಕೊಂಡ. ಅವನ ಮಿಡತೆ ಮಾತ್ರ ಪ್ರತಿ ಆಗಸ್ಟಿನಲ್ಲಿಯೂ ನೀರಿಗೆ ಬೀಳುತ್ತಿದೆ.

ಅದನ್ನು ಕಟ್ಟುವ ಬಗೆ ನೋಡತಕ್ಕದ್ದು. ಮೇಜಿನ ಅಂಚಿಗೆ ಬಿಗಿದ ಪುಟ್ಟ ಹಿಡಿಕಟ್ಟಿನ ಬಾಯಲ್ಲಿ, ಉಗುರುದ್ದಕ್ಕಿಂತ ತುಸು ದೊಡ್ಡದಾದ ಗಾಳವನ್ನು ಕಚ್ಚಿಸುತ್ತಾರೆ. ರೇಷ್ಮೆಯಂಥ ನವಿರಾದ ದಾರವನ್ನು ಸುತ್ತಿ, ಮೊದಲು ಬಾಲಕ್ಕೆ ಕೆಂಪು ಬಣ್ಣ ಹಾಕಿದ ಜಿಂಕೆಯ ಕೂದಲು. ಒಡಲಿಗೆ ಹಳದಿ ಉಣ್ಣೆಯ ನೂಲು. ಅದರ ಮೇಲೆ ಹುಂಜದ ಕತ್ತಿನ ಕಂದು ಗರಿಯನ್ನು ಸುರುಳಿಯಾಗಿ ಸುತ್ತಿ, ಮೋಟಾಗಿ ಕತ್ತರಿಸುತ್ತಾರೆ. ರೆಕ್ಕೆಗೆ ಟರ್ಕಿಕೋಳಿಯ ಚುಕ್ಕೆ ಚುಕ್ಕೆಯ ಗರಿ. ಅದು ಸೀಳದಂತೆ ಮೆರುಗೆಣ್ಣೆಯ ಲೇಪ. ಹಿಂಗಾಲಿಗೆ ಗರಿಯ ಎಳೆಗಳನ್ನು ಕೂಡಿಸಿ ನಡುವೆ ಗಂಟು ಹಾಕಿದರೆ ಮಿಡತೆಯ ಮೊಣಕಾಲು ಮೂಡುತ್ತದೆ. ಕೊನೆಗೆ ತಲೆ. ಜಿಂಕೆಯ ಕೂದಲಿನ ಒಳಗೆ ಗಾಳಿ ತುಂಬಿದ ಸಣ್ಣ ಸಣ್ಣ ಕೋಶಗಳಿರುತ್ತವೆ; ಆದ್ದರಿಂದಲೇ ಅದು ಬೆಂಡಿನಂತೆ ತೇಲುತ್ತದೆ. ಒಂದು ಚಿಟಿಕೆ ಕೂದಲನ್ನು ಗಾಳದ ಮೇಲಿಟ್ಟು ದಾರವನ್ನು ಎರಡು ಸುತ್ತು ಸಡಿಲವಾಗಿ ಸುತ್ತಿ ಬಿಗಿಯಾಗಿ ಎಳೆದರೆ, ಕೂದಲೆಲ್ಲ ಸರ್ರನೆ ಸುತ್ತಲೂ ಅರಳಿ ನಿಲ್ಲುತ್ತದೆ. ಹೀಗೆ ಚಿಟಿಕೆಯ ಪಕ್ಕ ಚಿಟಿಕೆ ಒತ್ತರಿಸಿ, ಕತ್ತರಿಯಿಂದ ಕೊರೆದು ಮಿಡತೆಯ ಚಪ್ಪಟೆ ಮುಖ ಮಾಡುತ್ತಾರೆ. ಎಳೆತ ಹೆಚ್ಚಾದರೆ ದಾರ ತುಂಡು. ಕಡಮೆಯಾದರೆ ತಲೆ ಸಡಿಲ. ನುರಿತ ಕೈಗೂ ಕಾಲು ಗಂಟೆಯ ಕೆಲಸ. ಅಷ್ಟು ಶ್ರಮದ ಮಿಡತೆ ಮೊದಲನೆಯ ಎಸೆತದಲ್ಲಿಯೇ ನದಿಯಾಚೆಯ ವಿಲೋ ಗಿಡಕ್ಕೆ ಸಿಕ್ಕಿಕೊಂಡು ಅಲ್ಲಿಯೇ ಉಳಿದ ಉದಾಹರಣೆಗಳಿಗೆ ಲೆಕ್ಕವಿಲ್ಲ. ಈಚಿನ ದಶಕಗಳಲ್ಲಿ ರಬ್ಬರಿನ ಕಾಲು, ಪ್ಲಾಸ್ಟಿಕ್ ನೊರೆಯ ಒಡಲಿನ ಮಿಡತೆಗಳು ಬಂದಿವೆ. ಮುಳುಗುವುದಿಲ್ಲ, ಬೇಗ ಕಟ್ಟಬಹುದು. ಮೀನುಗಳಿಗೆ ಅವುಗಳ ಬಗ್ಗೆ ದೂರಿಲ್ಲ. ನೋಡುವವರ ಕಣ್ಣಿಗೆ ಮಾತ್ರ ಹಳೆಯದರ ಸೊಬಗು ಅವಕ್ಕಿಲ್ಲವೆಂದು ಹೇಳಲೇಬೇಕು.

ಆ ಹುಂಜದ ಗರಿಯ ಬಗ್ಗೆ ಒಂದು ಮಾತು. ಹುಸಿಹುಳುಗಳಿಗೆಂದೇ ವಿಶೇಷ ತಳಿಯ ಹುಂಜಗಳನ್ನು ಅಮೆರಿಕದಲ್ಲಿ ಸಾಕುವುದು ರೂಢಿಯಾಗುವ ಮುನ್ನ, ಅಲ್ಲಿಯ ಕಟ್ಟುವವರ ಮೇಜುಗಳ ಮೇಲೆ ಇರುತ್ತಿದ್ದುದು ಬಹುಪಾಲು ಭಾರತದಿಂದ ಹೋದ ನಾಟಿ ಹುಂಜಗಳ ಕತ್ತಿನ ಗರಿ. ಪಶ್ಚಿಮಘಟ್ಟದ ಕಾಡುಗಳಲ್ಲಿ ಕೂಗುವ ಕಾಡುಕೋಳಿಯದಂತೂ ಇನ್ನೂ ಹೆಚ್ಚಿನ ಬೆಲೆ. ಅದರ ಕತ್ತಿನ ಗರಿಯ ಮೇಲೆ ಮೇಣ ಒರೆಸಿದಂತೆ ಹೊಳೆಯುವ ಚುಕ್ಕೆಗಳುಂಟು. ಸಾಲ್ಮನ್ ಮೀನಿನ ಹುಸಿಹುಳುಗಳಿಗೆ ಕಣ್ಣು ಇಡಲು ಆ ಚುಕ್ಕೆಯೇ ಬೇಕೆಂದು ಇಂಗ್ಲೆಂಡಿನವರು ಹಟ ಹಿಡಿದುದರಿಂದ, ಮಲೆನಾಡಿನ ಎಷ್ಟೋ ಕಾಡುಕೋಳಿಗಳು ಸ್ಕಾಟ್ಲೆಂಡಿನ ಹೊಳೆಗಳಿಗಾಗಿ ಪ್ರಾಣ ಬಿಟ್ಟವು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಆ ಹಕ್ಕಿಗೆ ರಕ್ಷಣೆ ಕೊಟ್ಟಿದೆ.

ಈಗ ಮತ್ತೆ ನದಿಗೆ. ಲಿವಿಂಗ್‌ಸ್ಟನ್ನಿನ ಕೆಳಗೂ ಮೇಲೂ, ದೋಣಿ ಇಳಿಸುವ ಕಡೆಗಳಲ್ಲಿ, ಕೆಲವು ವರ್ಷ ಬೇಸಿಗೆಯಲ್ಲಿ ಒಂದು ಪ್ರಕಟಣೆ ಅಂಟಿಸಿರುತ್ತಾರೆ. ಮಧ್ಯಾಹ್ನ ಎರಡು ಗಂಟೆಯಿಂದ ನಡುರಾತ್ರಿಯ ತನಕ ಮೀನು ಹಿಡಿಯಕೂಡದು ಎಂದು. ಇದಕ್ಕೆ ಅಲ್ಲಿಯವರು ಹೇಳುವ ಹೆಸರು ‘ಗೂಬೆಯ ನಿಯಮ’. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಮರ ಕಡಿಯುವವರು ಬಿಸಿಲೇರುವ ಮುನ್ನ, ಗೂಬೆಗಳು ಇನ್ನೂ ಕೂಗುತ್ತಿರುವಾಗಲೇ ಕೆಲಸ ಮುಗಿಸುತ್ತಿದ್ದರಂತೆ. ಆ ಮಾತು ಮೀನಿನ ನಿಯಮಕ್ಕೂ ಅಂಟಿಕೊಂಡಿತು. ನೀರಿನ ಉಷ್ಣತೆ ಮೂರು ದಿನ ಒಂದೇ ಸಮನೆ 73 ಡಿಗ್ರಿ ಫ್ಯಾರನ್‌ಹೀಟ್, ಎಂದರೆ ಸುಮಾರು 23 ಡಿಗ್ರಿ ಸೆಂಟಿಗ್ರೇಡ್, ಮುಟ್ಟಿದರೆ ಈ ನಿರ್ಬಂಧ ವಿಧಿಸುವುದು ಮೊಂಟಾನಾದ ವಾಡಿಕೆ. ಬೆಂಗಳೂರಿನವರಿಗೆ ಅದು ಸ್ನಾನಕ್ಕೂ ಸಾಲದ ನೀರು, ಟ್ರೌಟಿಗೆ ಕಂಟಕ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಮೆಯಾಗುತ್ತದೆ. ಅಂಥ ನೀರಿನಲ್ಲಿ ಗಾಳಕ್ಕೆ ಸಿಕ್ಕಿ ಸೆಣಸಿ ದಣಿದ ಮೀನನ್ನು ಎಷ್ಟೇ ಪ್ರೀತಿಯಿಂದ ಬಿಟ್ಟುಕೊಟ್ಟರೂ, ಅದು ಸ್ವಲ್ಪ ದೂರ ಹೋಗಿ ಹೊಟ್ಟೆ ಮೇಲಾಗಿ ತೇಲುವ ಸಂಭವವುಂಟು.

2016ರ ಆಗಸ್ಟಿನಲ್ಲಿ ಯೆಲ್ಲೊಸ್ಟೋನ್ ನದಿಯಲ್ಲಿ ವೈಟ್‌ಫಿಶ್ ಎಂಬ ಮೀನುಗಳು ಸಾವಿರಾರು ಸಂಖ್ಯೆಯಲ್ಲಿ ಸತ್ತು ತೇಲಿದವು. ನೀರು ಇಳಿದು ಬಿಸಿಯಾಗಿದ್ದ ಸಮಯದಲ್ಲಿ ಸೂಕ್ಷ್ಮ ಪರಾವಲಂಬಿಯೊಂದು ಅವುಗಳ ಮೂತ್ರಪಿಂಡಕ್ಕೆ ತಗುಲಿತ್ತು. ಆ ತಿಂಗಳ 19ರಂದು ಮೊಂಟಾನಾ ಸರ್ಕಾರ ಉದ್ಯಾನದ ಎಲ್ಲೆಯಿಂದ ಕೆಳಗೆ 183 ಮೈಲಿ ನದಿಯನ್ನೂ ಅದರ ಉಪನದಿಗಳನ್ನೂ ಮುಚ್ಚಿಬಿಟ್ಟಿತು. ಮೀನು ಹಿಡಿಯುವುದಷ್ಟೇ ಅಲ್ಲ. ದೋಣಿ, ಈಜು, ಎಲ್ಲವೂ ನಿಂತವು. ಮಿಡತೆಯ ಹಂಗಾಮಿನ ನಟ್ಟನಡುವೆ ದೋಣಿಯವರೂ, ಮಾರ್ಗದರ್ಶಿಗಳೂ, ಹೋಟೆಲಿನವರೂ ಕೈಕಟ್ಟಿ ಕೂರಬೇಕಾಯಿತು. ನದಿ ಹಂತ ಹಂತವಾಗಿ ಮತ್ತೆ ತೆರೆದದ್ದು ಸೆಪ್ಟೆಂಬರಿನಲ್ಲಿ.

ಈ ಗೂಬೆಯ ನಿಯಮದಲ್ಲಿ ಒಂದು ತೊಡಕಿದೆ. ಉಳಿದ ಹುಳುಗಳನ್ನು ಬೆಳಗ್ಗೆ ಆರಕ್ಕೇ ಎದ್ದು ಎಸೆಯಬಹುದು. ಮಿಡತೆ ಹಾಗಲ್ಲ. ಅದನ್ನು ನೀರಿಗೆ ಕೆಡವುವ ಬಿಸಿಲು, ಗಾಳಿ ಎರಡೂ ಜೋರಾಗುವುದು ಮಧ್ಯಾಹ್ನದ ಮೇಲೆ. ನೀರನ್ನು ಮೀನಿನ ಪಾಲಿಗೆ ಅಪಾಯಕರವಾಗಿ ಮಾಡುವುದೂ ಅದೇ ಬಿಸಿಲೇ. ಮಿಡತೆಗೆ ಒಳ್ಳೆಯ ದಿನ ಎಷ್ಟು ಒಳ್ಳೆಯದೋ, ಟ್ರೌಟಿಗೆ ಅಷ್ಟು ಕಷ್ಟ. ಹಳಬರು ವರ್ಷವಿಡೀ ಕಾದು ಕೂರುತ್ತಿದ್ದ ಆ ನಾಲ್ಕು ಗಂಟೆಗಳೇ ಈಗ ಪ್ರಕಟಣೆಯ ಹಾಳೆಯಲ್ಲಿ ಮುಚ್ಚಿಹೋಗುತ್ತವೆ. ಎತ್ತರದ ತೊರೆಗಳಲ್ಲಿ ನೀರು ತಣ್ಣಗಿರುವುದರಿಂದ ಕೆಲವರು ಬೆಟ್ಟ ಹತ್ತುತ್ತಾರೆ. ಆದರೆ ಮೇಲಕ್ಕೆ ಹೋದಷ್ಟೂ ತೊರೆ ಕಿರಿದಾಗುತ್ತದೆ, ಮೀನು ಸಣ್ಣದಾಗುತ್ತದೆ. ಎಲ್ಲರೂ ಅಲ್ಲಿಗೇ ಹೋದರೆ ಆ ತೊರೆಗಳು ತಡೆದಾವೆ?

ಸ್ವರ್ಗದ ಕಣಿವೆಯಲ್ಲಿ ಅಂಥ ದಿನ ಒಂದೂವರೆ ಗಂಟೆಗೆ ದೋಣಿಗಳು ದಂಡೆಗೆ ಬರತೊಡಗುತ್ತವೆ. ಕೈಗಡಿಯಾರ ನೋಡಿಕೊಂಡು ಕಟ್ಟಕಡೆಯ ಸಲವೆಂದು ಎಸೆಯುವವರುಂಟು. ಎರಡು ಗಂಟೆಗೆ ದಾರ ಸುತ್ತಿ, ಹುಸಿಮಿಡತೆಯನ್ನು ಕೋಲಿನ ಬುಡದ ಬಳೆಗೆ ಸಿಕ್ಕಿಸಿ, ಕಾಟನ್‌ವುಡ್ ಮರದ ನೆರಳಿನಲ್ಲಿ ಬುತ್ತಿ ಬಿಚ್ಚುತ್ತಾರೆ. ಆಚೆಯ ದಂಡೆಯಲ್ಲಿ ಯಾರದೋ ಹೊಲಕ್ಕೆ ಕೊಯ್ಲಿನ ಯಂತ್ರ ಇಳಿದಿದೆ. ಬೀಸುಗಾಳಿಗೆ ಮಿಡತೆಗಳು ಒಂದರ ಹಿಂದೊಂದು ಹಾರಿ, ನದಿಯ ನಡುವಿಗೆ ಬಂದು, ಟಪ್ ಟಪ್ ಎಂದು ಬೀಳುತ್ತವೆ. ಗಾಳವಿಲ್ಲದ, ದಾರವಿಲ್ಲದ ಮಿಡತೆಗಳು. ನೀರಿನಲ್ಲಿ ಒಂದು ಉಂಗುರ ಏಳುತ್ತದೆ. ಸ್ವಲ್ಪ ಕೆಳಗೆ ಮತ್ತೊಂದು, ಇನ್ನೂ ದೊಡ್ಡದು. ಬುತ್ತಿಯ ತುತ್ತು ಕೈಯಲ್ಲಿಯೇ ಉಳಿಯುತ್ತದೆ. “ನಾಲ್ಕು ಪೌಂಡಿಗೆ ಕಡಮೆಯಿಲ್ಲ” ಎನ್ನುತ್ತಾನೆ ಒಬ್ಬ. ಇನ್ನೊಬ್ಬ ಉತ್ತರ ಕೊಡದೆ, ಮುಂದಿನ ಉಂಗುರ ಏಳುವ ಜಾಗವನ್ನೇ ನೋಡುತ್ತ ಕುಳಿತಿರುತ್ತಾನೆ.